ಕಾಗೆ ಕದ್ದ ಸೋಪು, ನಲ್ಲಿ ಮುಂದಿನ ಸಾಲು

ಶಾಲೆ ಶುರುವಾಗಿ ಮೂರು ವಾರ ಆಯಿತು, ಮಳೆಯೂ ಹಿಡಿದಿದೆ. ಈ ಹೊತ್ತಿಗೆ ನನಗೆ ಬರುವ ಕಾಗದಗಳಲ್ಲಿ ನೆಗಡಿ, ಕೆಮ್ಮು, ಕಣ್ಣುಬೇನೆ, ವಾಂತಿ-ಭೇದಿಯದೇ ಮಾತು. ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 26 ವರ್ಷ ಕೆಲಸ ಮಾಡಿ, ಈಗ ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ನಿಮ್ಮ ಕಾಗದ ಓದುತ್ತಿದ್ದೇನೆ. ಈ ಸಲ ಮಕ್ಕಳ ಶುಚಿ ಅಭ್ಯಾಸದ ಬಗ್ಗೆ ಬಂದ ಆರು ಕಾಗದಗಳನ್ನಷ್ಟೇ ತೆಗೆದುಕೊಂಡಿದ್ದೇನೆ.

ನಮ್ಮದು ಹಳ್ಳಿಯ ಸರ್ಕಾರಿ ಶಾಲೆ. 84 ಮಕ್ಕಳು, ಎರಡು ನಲ್ಲಿ. ಬೆಲ್ ಹೊಡೆದ ಹತ್ತು ನಿಮಿಷಕ್ಕೆ ಬಿಸಿಯೂಟ. ಕೈ ತೊಳೆಯುವ ಚಿತ್ರ ಅಂಟಿಸಿದ್ದೇನೆ, ದಿನಾ ಪ್ರಾರ್ಥನೆಯಲ್ಲಿ ಹೇಳುತ್ತೇನೆ. ಆದರೂ ಮಕ್ಕಳು ಬೆರಳ ತುದಿ ಅದ್ದಿ, ಲಂಗಕ್ಕೋ ಚಡ್ಡಿಗೋ ಒರೆಸಿಕೊಂಡು ಓಡುತ್ತಾರೆ. ಇನ್ನು ಹೇಗೆ ಹೇಳಲಿ?
— ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಟೀಚರ್, ಹೇಳಿದ್ದು ಸಾಕು. ಒಂದು ಲೆಕ್ಕ ಮಾಡೋಣ ಬನ್ನಿ. ಒಂದು ಮಗು ಕೈ ಒದ್ದೆ ಮಾಡಿ, ಸೋಪು ಹಚ್ಚಿ, 20 ಸೆಕೆಂಡು ಉಜ್ಜಿ, ತೊಳೆದು ಹೊರಡಲು ಸುಮಾರು 40 ಸೆಕೆಂಡು ಬೇಕು. 84 ಮಕ್ಕಳಿಗೆ 3,360 ಸೆಕೆಂಡು. ಎರಡು ನಲ್ಲಿಗೆ ಹಂಚಿದರೂ 28 ನಿಮಿಷ. ನಿಮ್ಮ ಹತ್ತಿರ ಇರುವುದು 10 ನಿಮಿಷ. ಮಕ್ಕಳು ನಿಮ್ಮ ಮಾತು ಮೀರುತ್ತಿಲ್ಲ. ಹಿಂದೆ ನಿಂತ ಹಸಿದ ಮಕ್ಕಳು ಅವರನ್ನು ನೂಕುತ್ತಿದ್ದಾರೆ, ಅಷ್ಟೇ.

ಇದಕ್ಕೆ ಉಪಾಯ ಹೇಳಿಕೊಟ್ಟವರು ಮದ್ದೂರು ಕಡೆಯ ಶಾಲೆಯೊಂದರ ಅಡುಗೆಯಮ್ಮ. ನಾನು ನಲ್ಲಿ ಪಕ್ಕ ನಿಂತು ಒಬ್ಬೊಬ್ಬರಿಗೇ ಉಜ್ಜಿಸುತ್ತಿದ್ದೆ. ಅನ್ನ ಆರುತ್ತಿತ್ತು. ಆಕೆ ಒಳಗಿಂದಲೇ ಕೂಗಿ ಹೇಳಿದರು: "ಒದ್ದೆ ಮಾಡಕೆ ನೀರು ಬೇಕು, ತೊಳೆಯಕೆ ನೀರು ಬೇಕು. ಉಜ್ಜಕೆ ನಲ್ಲಿ ಯಾಕ್ ಮೇಡಂ? ಸಾಲಲ್ಲಿ ನಿಂತ್ಕಂಡೇ ಉಜ್ಲಿ ಬುಡಿ."

ಅಂದಿನಿಂದ ನಾನು ಎಲ್ಲ ಶಾಲೆಯಲ್ಲೂ ಹೇಳಿದ್ದು ಇದನ್ನೇ. ಸಾಲಿನ ಬಾಲದಲ್ಲಿ ಒಂದು ಬಕೆಟ್ಟು ನೀರು, ಒಂದು ಮಗ್ಗು. ಏಳನೇ ಕ್ಲಾಸಿನ ಒಬ್ಬರು ಪ್ರತಿ ಮಗುವಿನ ಕೈಗೆ ಒಂದೇ ಒಂದು ಸಲ ನೀರು ಹೊಯ್ಯಬೇಕು. ಅಲ್ಲೇ ಸೋಪು ನೇತಾಡುತ್ತಿರಲಿ. ಮಗು ಸೋಪು ಹಚ್ಚಿಕೊಂಡು, ಎರಡರ ಮಗ್ಗಿ ಹೇಳುತ್ತಾ, ಉಜ್ಜುತ್ತಾ ಮುಂದೆ ಸರಿಯಲಿ. 'ಎರಡೊಂದ್ಲೆ ಎರಡು' ಇಂದ 'ಎರಡ್ ಹತ್ಲೆ ಇಪ್ಪತ್ತು' ತನಕ ನಿಧಾನವಾಗಿ ಹೇಳಿದರೆ ಸರಿಯಾಗಿ 20 ಸೆಕೆಂಡು. ನಲ್ಲಿ ಹತ್ತಿರ ಬರುವ ಹೊತ್ತಿಗೆ ಉಳಿದಿರುವುದು ತೊಳೆಯುವುದೊಂದೇ, ಅದಕ್ಕೆ 10 ಸೆಕೆಂಡು. ಈಗ 840 ಸೆಕೆಂಡು, ಎರಡು ನಲ್ಲಿಗೆ ಏಳು ನಿಮಿಷ. ಊಟಕ್ಕೆ ಇನ್ನೂ ಮೂರು ನಿಮಿಷ ಇದೆ!

ಸೋಪಿನ ವಿಷಯ. ಇಡೀ ಸೋಪನ್ನು ಕಟ್ಟೆ ಮೇಲೆ ಇಟ್ಟರೆ ಒಂದೋ ಚರಂಡಿಗೆ ಜಾರುತ್ತದೆ, ಇಲ್ಲವೇ ಕಾಗೆ ಕಚ್ಚಿಕೊಂಡು ಹೋಗುತ್ತದೆ. ಸೋಪಿನಲ್ಲಿರುವ ಜಿಡ್ಡು ಕಾಗೆಗೆ ಇಷ್ಟ. ಒಂದು ಶಾಲೆಯಲ್ಲಿ ವಾರಕ್ಕೆ ಎರಡು ಸೋಪು ಮಾಯವಾಗುತ್ತಿತ್ತು ಅಂತ ಒಬ್ಬ ಹುಡುಗನಿಗೆ ಬೈಗುಳ ಬಿದ್ದಿತ್ತು. ಆಮೇಲೆ ನೋಡಿದರೆ ಹೆಂಚಿನ ಸಂದಿಯಲ್ಲಿ ಕೊಕ್ಕಿನ ಗುರುತಿರುವ ಸೋಪಿನ ಚೂರುಗಳು. ಆ ಹುಡುಗ ಅವತ್ತು ನಿಂತಿದ್ದ ಮುಖ ನನಗೆ ಇನ್ನೂ ಮರೆತಿಲ್ಲ. ಸೋಪನ್ನು ಚಾಕುವಿನಲ್ಲಿ ನಾಲ್ಕು ತುಂಡು ಮಾಡಿ, ಬೆಳ್ಳುಳ್ಳಿ ಬರುವ ಬಲೆ ಚೀಲಕ್ಕೆ ಹಾಕಿ, ಮಕ್ಕಳ ಎದೆಮಟ್ಟಕ್ಕೆ ಕಟ್ಟಿಬಿಡಿ. ಬಲೆ ಸಮೇತ ಉಜ್ಜಿದರೆ ನೊರೆ ಚೆನ್ನಾಗಿ ಬರುತ್ತದೆ, ಸೋಪು ಬೇಗ ಒಣಗುತ್ತದೆ. ಎಲ್ಲರೂ ಒಂದೇ ಸೋಪು ಮುಟ್ಟಿದರೆ ರೋಗ ಬರುವುದಿಲ್ಲವೇ ಅಂತ ಪೋಷಕರು ಕೇಳುತ್ತಾರೆ. ಅಂಟಿದ್ದು ನೊರೆಯ ಜೊತೆ ತೊಳೆದು ಹೋಗುತ್ತದೆ, ಹೆದರಬೇಡಿ. ಆದರೆ ಎಲ್ಲರೂ ಒರೆಸುವ ಒಂದೇ ಟವೆಲು ಮಾತ್ರ ಬೇಡವೇ ಬೇಡ. ಕೈ ಕೊಡವಿ ಗಾಳಿಗೆ ಒಣಗಿಸಲಿ.

ಇನ್ನು ಚಿತ್ರ ಅಂಟಿಸಿದ್ದೀರಿ ಅಂದಿರಿ. ಅದರ ಬದಲು ಒಂದು ದಿನ ಅರಿಶಿನದ ಆಟ ಆಡಿಸಿ. ಒಂದು ಚಮಚ ಅರಿಶಿನಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಕಲಸಿ, ಮೂರು ಮಕ್ಕಳ ಅಂಗೈಗಷ್ಟೇ ಹಚ್ಚಿ. ಹತ್ತು ನಿಮಿಷ ಎಂದಿನಂತೆ ಇರಲು ಬಿಡಿ. ಆಮೇಲೆ ಇಡೀ ಕ್ಲಾಸು ಹಳದಿ ಹುಡುಕಲಿ: ಬಾಗಿಲ ಚಿಲಕ, ಡಸ್ಟರ್, ಪಕ್ಕದವನ ತೋಳು, ಪುಸ್ತಕದ ಮೂಲೆ, ಒಬ್ಬಳ ಮೂಗಿನ ತುದಿ. ಈಗ ಬರೀ ನೀರಲ್ಲಿ ತೊಳೆಯಲು ಹೇಳಿ. ಎಣ್ಣೆ ಇರುವುದರಿಂದ ಹೋಗುವುದಿಲ್ಲ. ಸೋಪು ಹಚ್ಚಿದ ಕೂಡಲೇ ಮಕ್ಕಳು ಕಿರುಚುತ್ತಾರೆ ನೋಡಿ, ಯಾಕೆಂದರೆ ಹಳದಿ ಕೆಂಪಾಗುತ್ತದೆ! ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಆಗುವುದಿಲ್ಲವೇ, ಹಾಗೆಯೇ. ಸೋಪಿನಲ್ಲೂ ಕ್ಷಾರ ಇದೆ. ತೊಳೆದಾದ ಮೇಲೆ ಕೆಂಪು ಎಲ್ಲಿ ಉಳಿದಿದೆ ಅಂತ ಅವರೇ ತೋರಿಸಲಿ. ಹೆಬ್ಬೆರಳ ಬುಡ, ಬೆರಳ ಸಂದಿ, ಉಗುರಿನ ಒಳಗೆ, ಪ್ರತಿ ಸಲವೂ ಇಷ್ಟೇ ಜಾಗ. ಮುಂದೆ ನೀವು 'ಹೆಬ್ಬೆರಳು' ಅಂತ ಒಂದೇ ಮಾತು ಅಂದರೆ ಸಾಕು. ಸಮವಸ್ತ್ರಕ್ಕೆ ಕಲೆ ಆಗದಂತೆ ಮಾತ್ರ ತೋಳು ಮಡಿಸಿಸಿ.

ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪಿನ ಬೆರಳು ಅದ್ದಿದಾಗ ಅದು ಚದುರುವ ಪ್ರಯೋಗವನ್ನು ಈಗ ಎಲ್ಲರೂ ಮೊಬೈಲಿನಲ್ಲಿ ನೋಡಿರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೋಪು ಮುಟ್ಟಿದರೆ ಸಾಕು, ಕ್ರಿಮಿ ತಾನಾಗಿ ಓಡಿಹೋಗುತ್ತದೆ ಅಂತ ಮಗು ತಿಳಿದುಕೊಳ್ಳುತ್ತದೆ. ಉಜ್ಜುವ ಕೆಲಸವೇ ಅಲ್ಲಿ ಇಲ್ಲ. ಸೋಪು ಜಿಡ್ಡು ಬಿಡಿಸುತ್ತದೆ, ಕೆಲವು ವೈರಸ್‌ಗಳ ಕೊಬ್ಬಿನ ಹೊದಿಕೆಯನ್ನೇ ಒಡೆಯುತ್ತದೆ. ಆದರೆ ಕೈ ಕೆಲಸ ಮಾಡಲೇಬೇಕು, ನೀರು ಕೊಚ್ಚಿಕೊಂಡು ಹೋಗಲೇಬೇಕು.

ಕೊನೆಗೆ ಒಂದು ಮಾತು. ಆ ಸಾಲಿನಲ್ಲಿ ನೀವೂ ನಿಲ್ಲಿ, ಮಕ್ಕಳ ನಡುವೆ.

ಮಗನ ಬ್ಯಾಗಿಗೆ ಸಣ್ಣ ಸ್ಯಾನಿಟೈಸರ್ ಬಾಟಲಿ ನೇತುಹಾಕಿದ್ದೇನೆ. ಅವನು ಎರಡನೇ ಕ್ಲಾಸು. ಅದು ಸಾಲದೇ?
— ತಾಯಿ, ಕುವೆಂಪುನಗರ, ಮೈಸೂರು

ಸಾಲದು. ಕೈ ನೋಡಲು ಚೊಕ್ಕಟವಾಗಿದ್ದು, ನೀರು ಸಿಗದ ಕಡೆ ಇದ್ದರೆ ಬಳಸಲಿ, ಬಸ್ಸಿನಲ್ಲಿ, ಮೃಗಾಲಯಕ್ಕೆ ಹೋದಾಗ. ಅದರಲ್ಲಿ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರಬೇಕು, ಚೀಟಿ ಓದಿ ಕೊಳ್ಳಿ. ಮಣ್ಣು, ಜಿಡ್ಡು ಇರುವ ಕೈ ಮೇಲೆ ಅದು ಕೆಲಸಕ್ಕೆ ಬಾರದು. ಜಂತುಹುಳುವಿನ ಮೊಟ್ಟೆಗೆ, ಮಕ್ಕಳಲ್ಲಿ ವಾಂತಿ-ಭೇದಿ ಹಬ್ಬಿಸುವ ನೋರೋವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ ಅನ್ನಬಹುದು. ಶೌಚಾಲಯದಿಂದ ಬಂದ ಮೇಲೆ, ಊಟಕ್ಕೆ ಮೊದಲು ಸೋಪೇ ಆಗಬೇಕು. ಹಣ್ಣಿನ ವಾಸನೆಯ ಬಾಟಲಿ ಕೊಡಬೇಡಿ, ಆ ವಯಸ್ಸಿನವರು ನೆಕ್ಕಿ ನೋಡುತ್ತಾರೆ.

ಮಗಳಿಗೆ ನಿನ್ನೆ ರಾತ್ರಿ ಜ್ವರ. ಬೆಳಿಗ್ಗೆ ಸಿರಪ್ ಹಾಕಿದ ಮೇಲೆ ಇಳಿಯಿತು. ರಜೆ ಹಾಕು ಅಂದರೆ ಅಳುತ್ತಾಳೆ. ಅವಳ ಶಾಲೆಯಲ್ಲಿ ವರ್ಷಪೂರ್ತಿ ಹಾಜರಿದ್ದವರಿಗೆ ಬಹುಮಾನ. ಕಳಿಸಿದೆ. ತಪ್ಪಾಯಿತೇ?
— ತಂದೆ, ಮದ್ದೂರು

ತಪ್ಪು ಬಹುಮಾನದ್ದು ಸ್ವಾಮಿ. ಸಿರಪ್ ಇಳಿಸುವುದು ಜ್ವರವನ್ನು. ಕೆಮ್ಮಿದರೆ ಸಿಡಿಯುವ ವೈರಸ್ ಹಾಗೇ ಇರುತ್ತದೆ. ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಕಳಿಸಿ. ವಾಂತಿ-ಭೇದಿಯಾದರೆ, ನಿಂತು ಎರಡು ದಿನ ಕಳೆಯಲಿ. ಚಿಕನ್‌ಪಾಕ್ಸ್, ನಮ್ಮ ಕಡೆ 'ಅಮ್ಮ' ಅನ್ನುತ್ತೇವಲ್ಲ, ಅದಾದರೆ ಪ್ರತಿ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವ ತನಕ ಮನೆಯಲ್ಲೇ. ಅದು ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಹರಡುತ್ತಿರುತ್ತದೆ, ಆದ್ದರಿಂದ ಪಕ್ಕ ಕೂತಿದ್ದವರ ಮನೆಗೂ ತಿಳಿಸಿ. ಕಣ್ಣುಬೇನೆ ನೋಡಿದರೆ ಅಂಟುವುದಿಲ್ಲ, ಕಪ್ಪು ಕನ್ನಡಕ ಹಾಕಿ ಕಳಿಸಿದರೆ ನಿಲ್ಲುವುದೂ ಇಲ್ಲ. ಕಣ್ಣುಜ್ಜಿದ ಕೈ, ಒಂದೇ ಟವೆಲು, ಒಂದೇ ದಿಂಬು ಅದನ್ನು ದಾಟಿಸುತ್ತವೆ.

ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಕೈಮುಗಿದು ಕೇಳುತ್ತೇನೆ, ದಯವಿಟ್ಟು ನಿಲ್ಲಿಸಿ. ಕಾಯಿಲೆ ಮಗುವನ್ನು ಬೆಂಚಿಗೆ ಎಳೆದು ತರುವ ಬಹುಮಾನ ಅದು. ನೀವೂ ನಾಳೆ ಕ್ಲಾಸ್ ಟೀಚರ್ ಹತ್ತಿರ ಹೋಗಿ, ಜ್ವರದ ರಜೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಮಗಳ ಮುಂದೆಯೇ ಹೇಳಿ.

ಕ್ರಿಮಿಗಳ ವೀಡಿಯೊ ತೋರಿಸಿದ ದಿನದಿಂದ ನನ್ನ ಏಳು ವರ್ಷದ ಮಗಳು ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಾಳೆ. ಪಕ್ಕದ ಹುಡುಗನಿಗೆ ಯಾವಾಗಲೂ ನೆಗಡಿ. "ಅವನು ಗೊಣ್ಣೆ, ನಾನು ಅಲ್ಲಿ ಕೂರಲ್ಲ" ಅಂತಾಳೆ. ಶುಚಿ ಕಲಿತಳು ಅಂತ ಸಂತೋಷಪಡಲೋ ಬೇಡವೋ ತಿಳಿಯುತ್ತಿಲ್ಲ.
— ತಾಯಿ, ಶ್ರೀರಂಗಪಟ್ಟಣ

ಅಮ್ಮಾ, ನಿಮ್ಮ ಕಾಗದ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ.

1997ರಲ್ಲಿ ಒಂದು ಹಳ್ಳಿ ಶಾಲೆಯಲ್ಲಿ ಬೋರ್ಡಿನ ತುಂಬ ಕೋರೆಹಲ್ಲಿನ, ಕೊಂಬಿನ ಕ್ರಿಮಿ ಬರೆದು, "ಇವನು ನಿಮ್ಮ ಕೈಯಲ್ಲೇ ಕೂತಿದ್ದಾನೆ" ಅಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಒಳ್ಳೆಯ ಪಾಠ ಮಾಡಿದೆ ಅಂದುಕೊಂಡು ಬಂದೆ. ಮೂರನೇ ದಿನ ಒಬ್ಬಾಕೆ ಆಸ್ಪತ್ರೆ ಬಾಗಿಲಿಗೆ ಬಂದು, ಒಂದು ಅಲ್ಯೂಮಿನಿಯಂ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಮುದ್ದೆ, ಬಸ್ಸಾರು, ಬೆರಳು ಕೂಡ ತಾಗಿರಲಿಲ್ಲ. "ಕೈಲಿ ರಾಕ್ಸ ಕೂತವ್ನೆ ಅಂದ್ರಂತೆ. ನಮ್ ಕೂಸು ಎರಡು ದಿನದಿಂದ ಇಸ್ಕೂಲಲ್ಲಿ ಮುದ್ದೆನೇ ಮುಟ್ತಿಲ್ಲ ಕಣ್ರವ್ವ." ನನಗೆ ತಲೆ ಎತ್ತಲು ಆಗಲಿಲ್ಲ.

ಮಾರನೇ ದಿನ ಊಟದ ಹೊತ್ತಿಗೆ ಆ ಶಾಲೆಗೆ ಹೋದೆ. ಮಗುವಿನ ಜೊತೆ ಬೋರ್‌ವೆಲ್ ಹತ್ತಿರ ಕೂತು ಕೈ ತೊಳೆದೆ. ಅವಳು ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಹೋಯ್ತಾ?" ಅಂದಳು. "ಹೋಯ್ತು" ಅಂದೆ. ಅವಳ ಡಬ್ಬಿಯಿಂದ ಒಂದು ತುತ್ತು ಮುದ್ದೆ ಮುರಿದು ನಾನು ನುಂಗಿದೆ, ಆಮೇಲೆ ಅವಳು. ಅಂದಿನಿಂದ ಮಕ್ಕಳ ಮುಂದೆ ರಾಕ್ಷಸನನ್ನು ಬರೆದಿಲ್ಲ. ತೊಳೆದ ಮೇಲೆ ಕೈ ಚೆನ್ನಾಗಿದೆ ಅನ್ನುವ ನಂಬಿಕೆ ಮಗುವಿಗೆ ಬರಬೇಕು. ಆ ನಂಬಿಕೆ ಇಲ್ಲದಿದ್ದರೆ ಎಷ್ಟು ತೊಳೆದರೂ ಸಾಲದು.

ನಿಮ್ಮ ಮಗಳಿಗೆ ಹೊತ್ತು ಗೊತ್ತು ಮಾಡಿಕೊಡಿ: ಊಟ-ತಿಂಡಿಗೆ ಮೊದಲು, ಶೌಚಾಲಯದಿಂದ ಬಂದ ಮೇಲೆ, ಸೀನಿ ಮೂಗು ಒರೆಸಿದ ಮೇಲೆ, ಆಟ ಆಡಿ ಬಂದ ಮೇಲೆ, ನಾಯಿ-ಬೆಕ್ಕು ಮುಟ್ಟಿದ ಮೇಲೆ. ಬೇರೆ ಹೊತ್ತಿನಲ್ಲಿ ಎದ್ದರೆ ಬೈಯಬೇಡಿ, "ಈಗ ಬೇಕಿಲ್ಲ ಕಂದ, ಕೈ ಚೆನ್ನಾಗಿದೆ" ಅನ್ನಿ. ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ, ಕೈ ಒಡೆದರೆ, ತೊಳೆಯದೆ ಅಳು ಬಂದರೆ, ಮಕ್ಕಳ ವೈದ್ಯರಿಗೆ ತೋರಿಸಿ. ಬಿಟ್ಟುಬಿಡುವ ವಿಷಯ ಅಲ್ಲ.

ಆ ಹುಡುಗನ ಮಾತು. ನಮ್ಮವರಿಗೆ ಎಂಜಲು ಅನ್ನುವ ತಿಳಿವಳಿಕೆ ಮೊದಲಿನಿಂದ ಇದೆ. ತುಟಿ ತಾಗಿಸದೆ ಲೋಟ ಎತ್ತಿ ಕುಡಿಯುವುದು ಎಷ್ಟು ಒಳ್ಳೆಯ ಅಭ್ಯಾಸ! ನೀರಿನ ಬಾಟಲಿ ಹಂಚಿಕೊಳ್ಳುವ ಮಕ್ಕಳಿಗೆ ಅದನ್ನೇ ಕಲಿಸಿ. ಆದರೆ ಕೆಲವರಿಗೆ ಬೇರೆ ಲೋಟ ಇಟ್ಟದ್ದು, ಹೊರಗೆ ಕೂರಿಸಿದ್ದು, ಮೇಲಿಂದ ನೀರು ಹೊಯ್ದದ್ದೂ ಇದೇ ಶುಚಿಯ ಹೆಸರಿನಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನನಗೆ ಭಯ. ಏಳು ವರ್ಷದ ಮಗು 'ಅವನು ಗೊಣ್ಣೆ' ಅಂದಾಗ ಅಲ್ಲೇ ತಡೆಯಬೇಕು. ಅವನಿಗೆ ನೆಗಡಿ ಆಗಿದೆ. ನಾಳೆ ಇವಳಿಗೂ ಆಗುತ್ತದೆ. ಆ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೇಳು ಸಲ ನೆಗಡಿ ಆಗುವುದು ಮಾಮೂಲು.

ಎರಡು ಕರ್ಚೀಫು ಕೊಟ್ಟು ಕಳಿಸಿ, ಒಂದು ಅವನಿಗೆ. ಕೆಮ್ಮು-ಸೀನು ಬಂದಾಗ ಅಂಗೈ ಅಡ್ಡ ಹಿಡಿಯದೆ ಮೊಣಕೈ ಮಡಚಿ ಅದರೊಳಗೆ ಮುಖ ಇಡುವುದನ್ನು ಇಬ್ಬರೂ ಒಟ್ಟಿಗೆ ಕಲಿಯಲಿ. ಅಂಗೈಗೆ ಸೀನಿದರೆ ಮುಂದೆ ಅದು ಪೆನ್ಸಿಲಿಗೆ, ಬೆಂಚಿಗೆ, ಇವಳ ಕೈಗೆ. ಸದಾ ನೆಗಡಿ ಇರುವ ಮಗುವಿಗೆ ಅಲರ್ಜಿಯೋ, ಮೂಗಿನ ಹಿಂಬದಿಯ ಮಾಂಸ ಊದುವ ಅಡಿನಾಯ್ಡ್ ತೊಂದರೆಯೋ ಇರಬಹುದು. ಅವನ ತಾಯಿ ಸಿಕ್ಕರೆ ಒಮ್ಮೆ ಡಾಕ್ಟರಿಗೆ ತೋರಿಸಲು ಹೇಳಿ, ಸಾಧ್ಯವಾದರೆ ಜೊತೆಗೆ ಹೋಗಿ.

ನಾವು ಕಬ್ಬಿನ ಗದ್ದೆಯಲ್ಲಿ, ಮಣ್ಣಲ್ಲಿ ಬೆಳೆದವರು. ಬಿದ್ದ ಕಬ್ಬು ಎತ್ತಿ ಹಾಗೇ ಸಿಗಿದು ತಿನ್ನುತ್ತಿದ್ದೆವು. ಏನೂ ಆಗಲಿಲ್ಲ. ಈಗಿನ ಐಕ್ಲನ್ನ ಹಿಂಗೆ ತೊಳೆದೂ ತೊಳೆದೂ ಮೆತ್ತಗೆ ಮಾಡ್ತಿದ್ದೀರಿ.
— 71 ವರ್ಷದ ರೈತರು, ಮಳವಳ್ಳಿ

ಅಣ್ಣಾ, ಮಣ್ಣಲ್ಲಿ ಆಡಲಿ, ನಾನು ಬೇಡ ಅನ್ನಲಾರೆ. ತಿನ್ನುವ ಮೊದಲು ತೊಳೆಯಲಿ, ನನ್ನದು ಅಷ್ಟೇ ಬೇಡಿಕೆ. ನಿಮ್ಮ ತಾಯಿ ಎಷ್ಟು ಹೆತ್ತರು, ಎಷ್ಟು ಉಳಿದವು ಅಂತ ಒಂದು ಸಲ ನೆನೆಸಿಕೊಳ್ಳಿ. ನನ್ನ ಅಜ್ಜಿ ಒಂಬತ್ತು ಹೆತ್ತರು, ಐದು ಉಳಿದವು. ಎರಡು ಹೋದದ್ದು ಭೇದಿಯಲ್ಲಿ. ಏನೂ ಆಗಲಿಲ್ಲ ಅಂತ ಹೇಳಲು ಆ ಎರಡು ಇಲ್ಲ.

ಗದ್ದೆಯ ಮಣ್ಣಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಪಾದದ ಚರ್ಮ ತೂರಿ ಒಳಗೆ ಬರುತ್ತದೆ, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ದುಂಡುಹುಳುವಿನ ಮೊಟ್ಟೆ ಉಗುರಿನ ಮಣ್ಣಿನಿಂದ ಬಾಯಿಗೆ. ಅದಕ್ಕೇ ಫೆಬ್ರುವರಿ 10, ಆಗಸ್ಟ್ 10ರಂದು ಶಾಲೆ-ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುವುದು. ಮೊಮ್ಮಕ್ಕಳು ಅಗಿದು ನುಂಗಲಿ. ಅದು ಇರುವ ಹುಳು ಸಾಯಿಸುತ್ತದೆ, ನಾಳೆ ಬರುವುದನ್ನು ತಡೆಯಲಾರದು. ಚಪ್ಪಲಿ, ಉಗುರು ಕತ್ತರಿ, ಸೋಪು ಇಲ್ಲದಿದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಹುಳು.

ನಿಮಗೆ ಬೇಸರವಾಗಿದ್ದರೆ ತಪ್ಪಿಲ್ಲ. ವೈದ್ಯರಿಗೇ ಬೇಸರವಾಗಿತ್ತು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆಣ ಕೊಯ್ದು ಬಂದವರು ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕು ಅಂತ ಕಟ್ಟುನಿಟ್ಟು ಮಾಡಿದ. ಅದಕ್ಕೆ ಹಿಂದಿನ ವರ್ಷ ನೂರಕ್ಕೆ ಹತ್ತಕ್ಕೂ ಹೆಚ್ಚು ಬಾಣಂತಿಯರು ಸಾಯುತ್ತಿದ್ದ ವಾರ್ಡಿನಲ್ಲಿ 1848ರ ಹೊತ್ತಿಗೆ ಅದು ಎರಡಕ್ಕಿಂತ ಕೆಳಗಿಳಿಯಿತು. ಆದರೂ ಬಹಳ ಜನ ಹಿರಿಯ ವೈದ್ಯರು ಒಪ್ಪಲಿಲ್ಲ. ನಿನ್ನ ಕೈ ಕೊಳಕು ಅಂದರೆ ಯಾರಿಗೂ ನೋವಾಗುತ್ತದೆ. ಹಾಗಾಗಿ ನಿಮ್ಮ ಮೊಮ್ಮಕ್ಕಳಿಗೆ ಆ ಮಾತು ಹೇಳಬೇಡಿ. ಊಟಕ್ಕೆ ಕೂರುವ ಮೊದಲು ನೀವೇ ಚೊಂಬು ಹಿಡಿದು ಅವರ ಕೈಗೆ ನೀರು ಹೊಯ್ಯಿರಿ. ತಾತ ನೀರು ಹೊಯ್ದರೆ ಯಾವ ಮಗು ಬೇಡ ಅನ್ನುತ್ತದೆ?

ಡಾಕ್ಟರಜ್ಜಿ, ನಾನು ಐದನೇ ಕ್ಲಾಸು. ಒಳ್ಳೆ ಕ್ರಿಮಿನೂ ಇರುತ್ತಂತೆ. ಹಾಗಾದ್ರೆ ಸೋಪು ಹಾಕಿದ್ರೆ ಅವೂ ಹೋಗಲ್ವಾ?
— ವಿದ್ಯಾರ್ಥಿನಿ, ಮೈಸೂರು

ಪುಟ್ಟಿ, ಎಂಥ ಪ್ರಶ್ನೆ ಕೇಳಿದೆ! ಕೆಲವು ಜೀವಿಗಳು ನಮ್ಮ ಚರ್ಮದ ಪದರದೊಳಗೆ, ಬೆವರಿನ ರಂಧ್ರಗಳ ಹತ್ತಿರ ಮನೆ ಮಾಡಿಕೊಂಡಿರುತ್ತವೆ. ಅವು ನಮಗೆ ತೊಂದರೆ ಕೊಡುವುದಿಲ್ಲ, ಬೇರೆಯವಕ್ಕೆ ಜಾಗವನ್ನೂ ಬಿಡುವುದಿಲ್ಲ. ಸೋಪು ಹೆಚ್ಚಾಗಿ ತೆಗೆಯುವುದು ಮೇಲೆ ಹೊಸದಾಗಿ ಅಂಟಿದವನ್ನು, ಬಸ್ಸಿನ ಕಂಬಿಯಿಂದ, ದುಡ್ಡಿನ ನೋಟಿನಿಂದ ಬಂದವನ್ನು. ಒಳಗಿನವು ಸ್ವಲ್ಪ ಕಡಿಮೆಯಾದರೂ ಮತ್ತೆ ಬೆಳೆದುಕೊಳ್ಳುತ್ತವೆ.

ಒಳ್ಳೆಯವನ್ನು ನೋಡಬೇಕಾ? ಇವತ್ತು ಸಂಜೆ ಅಮ್ಮನ ಹತ್ತಿರ ಕಾಯಿಸಿದ ಹಾಲು ಕೇಳು. ಬೆರಳಿಗೆ ಹಿತವಾಗುವಷ್ಟು ಬೆಚ್ಚಗಿರಬೇಕು, ನೋಡುವ ಮೊದಲು ಕೈ ತೊಳೆದಿರಬೇಕು. ಎರಡು ಬಟ್ಟಲಿಗೆ ಹಾಕು. ಒಂದಕ್ಕೆ ಮಾತ್ರ ಅರ್ಧ ಚಮಚ ಮೊಸರು ಹೆಪ್ಪು ಹಾಕಿ, ಎರಡನ್ನೂ ಮುಚ್ಚಿಡು. ಆ ಅರ್ಧ ಚಮಚದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ರಾತ್ರಿಯೆಲ್ಲ ಹಾಲಿನ ಸಕ್ಕರೆ ತಿಂದು ಹುಳಿ ಮಾಡಿ, ಹಾಲನ್ನು ಹಿಡಿದು ಕೂರಿಸುತ್ತವೆ. ಬೆಳಿಗ್ಗೆ ಎರಡೂ ಬಟ್ಟಲು ಓರೆ ಮಾಡಿ ನೋಡು. ಹೇಗೆ ಬಂತು ಅಂತ ನನಗೆ ಬರೆ. ಮಳೆ ಬಿದ್ದು ರಾತ್ರಿ ತಣ್ಣಗಿದ್ದರೆ ಹೆಪ್ಪು ಹಾಕಿದ ಬಟ್ಟಲನ್ನು ಅಕ್ಕಿ ಡಬ್ಬದೊಳಗೆ ಇಡು, ಬೆಚ್ಚಗಿರುತ್ತದೆ.